ಆರನೆಯದು

“ಗುಬ್ಬಿ ಬಂದಿದ್ದ,” ಎಂದರು ಅಪ್ಪ.

ಅವಳು ಆಗ ಬೋಟಿನ ಹೊಟ್ಟೆಯೊಳಗೆ ತಲೆಕೆಳಗಾಗಿ ನೇತಾಡುತ್ತಿದ್ದಳು. ಕಾಲೆರಡೂ ಹೊರಗೆ, ತಲೆ ಇಂಜಿನ್ನಿನ ಪಕ್ಕದ ಸಂದಿಯಲ್ಲಿ, ಕೈಯಲ್ಲಿ ಸ್ಪ್ಯಾನರ್. ಇಂಜಿನ್ನನ್ನು ಬೋಟಿಗೆ ಕಚ್ಚಿ ಹಿಡಿದಿದ್ದ ನಾಲ್ಕು ಬೋಲ್ಟುಗಳಲ್ಲಿ ಮೂರು ಬಿಚ್ಚಿದ್ದವು. ನಾಲ್ಕನೆಯದು ಉಪ್ಪುನೀರು ಕುಡಿದು ತುಕ್ಕು ಹಿಡಿದು ಜಗ್ಗುತ್ತಿರಲಿಲ್ಲ. ಅಪ್ಪನ ಮಾತು ಕಿವಿಗೆ ಬಿತ್ತೇ ಹೊರತು ಮನಸ್ಸಿಗೆ ಇಳಿಯಲಿಲ್ಲ. “ಹೂಂ” ಎಂದಳು.

“ಈಗ ತಾನೇ ಎದ್ದು ಹೋದ. ಆರನೇದು ಒಂದ್ಸಲ ನೋಡಿ ಮಾಮ, ಅಂದ.”

ಸ್ಪ್ಯಾನರ್ ಜಾರಿ ಅವಳ ಬೆರಳಿನ ಗೆಣ್ಣು ಕಬ್ಬಿಣಕ್ಕೆ ತರಚಿತು. ಗುಬ್ಬಿ ಸತ್ತು ಹನ್ನೊಂದು ತಿಂಗಳಾಗಿತ್ತು. ಇದೇ ಬೋಟಿನಲ್ಲಿ, ಅವಳ ತಲೆಯಿಂದ ನಾಲ್ಕು ಮೊಳ ಮುಂದಿದ್ದ ಸೀಟಿನಲ್ಲಿ ಕೂತು ಸತ್ತಿದ್ದ.

ಅವಳು ತೆವಳಿಕೊಂಡು ಹೊರಗೆ ಬಂದು ಬೆರಳು ಚೀಪುತ್ತ ಅಪ್ಪನನ್ನು ನೋಡಿದಳು. ವರ್ಕ್‌ಶಾಪಿನ ಬಾಗಿಲ ಬಳಿಯ ಕುರ್ಚಿಯಲ್ಲಿ ಅಪ್ಪ ಎಂದಿನಂತೆ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಅಳತೆಪಟ್ಟಿ. ಮುಖದಲ್ಲಿ ಒಂದು ಚೂರೂ ಗೊಂದಲವಿರಲಿಲ್ಲ. ಅದೇ ಅವಳಿಗೆ ಹೆದರಿಕೆಯಾಗಿದ್ದು. ಮರೆವು ಬಂದವರ ಮುಖದಲ್ಲಿ ಒಂದು ಹುಡುಕಾಟ ಇರುತ್ತದೆ. ಅಪ್ಪನ ಮುಖ ಯಾರನ್ನೋ ಈಗಷ್ಟೇ ಕಳಿಸಿಕೊಟ್ಟು ಬಂದ ಮನುಷ್ಯನ ಹಾಗಿತ್ತು.

ಮೊದಮೊದಲು ಅಪ್ಪ “ಆ ಹುಡುಗ ಯಾಕೆ ಕಾಣ್ತಿಲ್ಲ?” ಎಂದು ಕೇಳಿದಾಗಲೆಲ್ಲ ಅವಳೂ ತಮ್ಮನೂ ನಿಜ ಹೇಳುತ್ತಿದ್ದರು. ಪ್ರತಿಸಲವೂ ಅಪ್ಪನಿಗೆ ಅದು ಹೊಸ ಸುದ್ದಿ, ಪ್ರತಿಸಲವೂ ಹೊಸದಾಗಿ ಅತ್ತರು. ಆರು ಸಲ ಅಳಿಸಿದ ಮೇಲೆ ಇಬ್ಬರೂ ಮಾತಾಡಿಕೊಂಡು “ಬರ್ತಾನೆ” ಎನ್ನತೊಡಗಿದರು. ಈಗ ನೋಡಿದರೆ ಬಂದೇ ಬಿಟ್ಟಿದ್ದಾನೆ.

ರೇಸಿನ ಬೋಟಿಗೆ ಇಬ್ಬರು ಬೇಕು. ಒಬ್ಬ ಚುಕ್ಕಾಣಿ ಹಿಡಿದು ದಾರಿ ನೋಡುತ್ತಾನೆ. ಇನ್ನೊಬ್ಬ ಥ್ರಾಟಲ್ ಲಿವರ್ ಹಿಡಿದು ಇಂಜಿನ್ ನೋಡಿಕೊಳ್ಳುತ್ತಾನೆ. ಅಲೆ ಹಾರಿ ಬೋಟು ಗಾಳಿಗೇರಿದಾಗ ಪ್ರೊಪೆಲ್ಲರಿಗೆ ನೀರು ಸಿಗುವುದಿಲ್ಲ. ಆ ಗಳಿಗೆಯಲ್ಲಿ ಲಿವರನ್ನು ಹಿಂದಕ್ಕೆ ಎಳೆಯದಿದ್ದರೆ ಇಂಜಿನ್ ಹುಚ್ಚು ಹಿಡಿದ ಹಾಗೆ ತಿರುಗಿ ತನ್ನನ್ನು ತಾನೇ ಒಡೆದುಕೊಳ್ಳುತ್ತದೆ. ಚುಕ್ಕಾಣಿ ಗುಬ್ಬಿಯದು. ಥ್ರಾಟಲ್ ಅವಳ ತಮ್ಮನದು. ಕೊನೆಯ ಸುತ್ತಿನಲ್ಲಿ ಇಂಜಿನ್ ಒಡೆಯಿತು, ಬೋಟು ಮಗುಚಿತು, ತಮ್ಮ ಬದುಕಿದ. ತಮ್ಮನ ಕೈ ತಡವಾಯಿತು ಎಂದು ದಡದಲ್ಲಿ ನಿಂತವರೆಲ್ಲ ಹೇಳಿದರು. ತಮ್ಮನೂ ಹಾಗೇ ಹೇಳಿದ.

ವಿಚಾರಣೆ ಮುಗಿದು ಬೋಟು ಬಿಡುಗಡೆಯಾದ ದಿನ ಗುಬ್ಬಿಯ ಅಮ್ಮ ಅದನ್ನು ನೇರ ಇಲ್ಲಿಗೇ ಎಳೆಸಿಕೊಂಡು ಬಂದಿದ್ದಳು. ಬೋಟು ಅವಳದೇ. ದಡದ ಪೆಟ್ರೋಲ್ ಬಂಕೂ ಅವಳದೇ, ಸೊಂಟದಲ್ಲಿ ಸದಾ ಬೀಗದ ಕೈ ಗೊಂಚಲು. ಊರೆಲ್ಲ ಅವಳನ್ನು ಬೋಟಿನಮ್ಮ ಅನ್ನುತ್ತಿತ್ತು.

“ನಿಮ್ಮಪ್ಪ ಕಟ್ಟಿದ ಇಂಜಿನ್ನು. ಬೇರೆಯವರ ಕೈ ಇದಕ್ಕೆ ತಾಗಬಾರದು,” ಎಂದಿದ್ದಳು. “ಬಿಚ್ಚು. ನನಗೆ ಒಂದು ಮಾತು ಗೊತ್ತಾಗಬೇಕು. ಅವನ ಕೈ ತಡವಾಯ್ತೋ ಇಲ್ವೋ. ಆಮೇಲೆ ಮತ್ತೆ ಕಟ್ಟು, ಅದು ಓಡಬೇಕು. ಇನ್ನೊಂದು ಮಾತು. ಅವನು ಇದನ್ನ ಮುಟ್ಟಬಾರದು.”

‘ಅವನು’ ಹತ್ತು ಹೆಜ್ಜೆ ಆಚೆ ನಿಂತಿದ್ದ. ಹನ್ನೊಂದು ತಿಂಗಳಲ್ಲಿ ಬೋಟಿನಮ್ಮ ಅವನ ಕಡೆ ತಿರುಗಿ ನೋಡಿರಲಿಲ್ಲ. ಎದುರು ಸಿಕ್ಕರೆ ಕಂಬವನ್ನು ಬಳಸಿ ಹೋಗುವ ಹಾಗೆ ಬಳಸಿ ಹೋಗುತ್ತಿದ್ದಳು.

*

ಮಧ್ಯಾಹ್ನ ನಾಲ್ಕನೆಯ ಬೋಲ್ಟೂ ಬಿಟ್ಟುಕೊಟ್ಟಿತು. ಅವಳು ಚೈನ್ ಪುಲ್ಲಿಯ ಸರಪಳಿಯನ್ನು ಎರಡು ಕೈಯಲ್ಲಿ ಎಳೆಯುತ್ತ ಬಂದಳು. ಇಂಜಿನ್ ಒಂದೊಂದೇ ಅಂಗುಲ ಮೇಲೆದ್ದಿತು. ಬೋಟಿನಿಂದ ಪೂರ್ತಿ ಹೊರಗೆ ಬರುತ್ತಿದ್ದಂತೆ ಅದರ ತಳದಿಂದ ಕಪ್ಪು ನೀರು ಧಾರೆ ಕಟ್ಟಿ ಸುರಿಯಿತು. ಅವಳು ಬಗ್ಗಿ ನೋಡಿದಳು. ಬ್ಲಾಕಿನ, ಅಂದರೆ ಇಂಜಿನ್ನಿನ ಎರಕದ ಮೈಯ, ಬಲಮಗ್ಗುಲ ಕೆಳಗೆ ಮುಷ್ಟಿ ತೂರುವಷ್ಟು ದೊಡ್ಡ ತೂತು. ಒಳಗಿನಿಂದ ಯಾರೋ ಗುದ್ದಿದ ಹಾಗೆ ಅಂಚುಗಳು ಹೊರಕ್ಕೆ ಮಡಚಿದ್ದವು.

ಎಂಟು ಸಿಲಿಂಡರುಗಳಲ್ಲಿ ಬಲಗಡೆ ಸಾಲಿನಲ್ಲಿರುವುದು ಎರಡು, ನಾಲ್ಕು, ಆರು, ಎಂಟು. ಅವಳು ಮುಂದಿನಿಂದ ಎಣಿಸಿದಳು. ಹಿಂದಿನಿಂದಲೂ ಎಣಿಸಿದಳು. ಹೇಗೆ ಎಣಿಸಿದರೂ ತೂತು ಆರನೆಯದರ ಕೆಳಗೇ ಇತ್ತು.

ಇಂಜಿನ್ ಬೋಟಿನೊಳಗಿದ್ದಾಗ ಆ ತೂತು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಅಪ್ಪ ಅಂತೂ ಈ ಹನ್ನೊಂದು ತಿಂಗಳಲ್ಲಿ ಬೋಟಿನ ಹತ್ತಿರ ಸುಳಿದಿರಲಿಲ್ಲ. ತಗಡಿನ ಮಾಡು ಬಿಸಿಲಿಗೆ ಟಿಣ್ ಟಿಣ್ ಅನ್ನುತ್ತಿತ್ತು.

ಊಟದ ಡಬ್ಬಿ ತಂದ ತಮ್ಮ ಹೊಸ್ತಿಲಾಚೆಯೇ ನಿಂತ. ಒಳಗೆ ಬರುವಂತಿಲ್ಲವಲ್ಲ.

“ಕೊಟ್ಟು ಹೋಗೋ. ಅಲ್ಲೇ ನಿಂತ್ಕೊಂಡು ಬೇರು ಬಿಡಬೇಡ,” ಎಂದಳು ಅವಳು, ತೂತಿಗೆ ಬೆನ್ನು ಅಡ್ಡ ಮಾಡಿ.

ಅವನು ಅವಳ ಭುಜದ ಮೇಲಿಂದ ನೋಡಿಬಿಟ್ಟಿದ್ದ. “ಆರನೇದಾ?”

“ಹೂಂ.”

“ಆ ಅಲೆ ಹಾರಿದಾಗ ಬಲಗಡೆಯಿಂದಲೇ ಸದ್ದು ಬಂತು.” ಡಬ್ಬಿಯನ್ನು ಎಡಗೈಗೆ ಬದಲಿಸಿಕೊಂಡು ಹೇಳಿದ, “ಎಳೆದೆ ಅಕ್ಕಾ. ಎಳೆದೆ ಅಂತಲೇ ನೆನಪು. ಆದರೆ ನೆನಪಿಗೆ ಏನು ಬೇಕಾದ್ರೂ ಹೇಳಿಕೊಡಬಹುದಲ್ವಾ.”

ಅಷ್ಟರಲ್ಲಿ ರಸ್ತೆಯಲ್ಲಿ ಯಾರದೋ ಸ್ಕೂಟರು ರೊಯ್ಯೆಂದು ವೇಗ ಹಿಡಿಯಿತು. ತಮ್ಮನ ಬಲಗೈ ತಾನಾಗಿ ಎದ್ದು ಗಾಳಿಯಲ್ಲಿ ಏನನ್ನೋ ಹಿಡಿದು ಥಟ್ಟನೆ ಹಿಂದಕ್ಕೆ ಎಳೆಯಿತು. ಅದು ಅವನಿಗೆ ಗೊತ್ತೇ ಆಗಲಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೂ ಹಾಗೇ, ಊಟದ ತಟ್ಟೆ ಮುಂದಿದ್ದರೂ ಹಾಗೇ. ಅವಳು ಡಬ್ಬಿಯನ್ನು ಅವನ ಎಡಗೈಯಿಂದ ತೆಗೆದುಕೊಂಡಳು.

*

ಅಪ್ಪನ ವರ್ಕ್‌ಶಾಪಿಗೆ ಒಂದು ಕಟ್ಟುಪಾಡಿತ್ತು. ಇಂಜಿನ್ನಿನ ಒಳಗಿನ ಬೋಲ್ಟುಗಳನ್ನು ಬಿಗಿಯುವವರು ಒಬ್ಬರು, ಗುರುತು ಹಾಕುವವರು ಇನ್ನೊಬ್ಬರು. ಅಳತೆಯಿಟ್ಟ ಟಾರ್ಕ್ ಸ್ಪ್ಯಾನರಿನಲ್ಲಿ ಅಪ್ಪ ಬಿಗಿಯುವರು. ಬೇಕಾದಷ್ಟು ಬಿಗಿಯಾದಾಗ ಸ್ಪ್ಯಾನರ್ ‘ಕಟ್’ ಎನ್ನುವುದು. “ಮೂರು ಆಯ್ತು” ಎನ್ನುವರು ಅಪ್ಪ. “ಮೂರು ಆಯ್ತು” ಎಂದು ಅವಳು ತಿರುಗಿ ಹೇಳಿ, ಬೋಲ್ಟಿನ ತಲೆಯ ಮೇಲೆ ಸಣ್ಣ ಕುಂಚದಿಂದ ಹಳದಿ ಗೆರೆ ಎಳೆಯುವಳು. ಬಿಗಿದ ಕೈಯೇ ಬಣ್ಣ ಹಚ್ಚುವಂತಿಲ್ಲ. ಮನುಷ್ಯ ತನ್ನ ತಪ್ಪಿಗೆ ತಾನೇ ಒಳ್ಳೆಯ ಸರ್ಟಿಫಿಕೇಟ್ ಕೊಟ್ಟುಕೊಳ್ಳುತ್ತಾನೆ ಎಂದು ಅಪ್ಪನ ವಾದ. ದಡದ ಉದ್ದಕ್ಕೂ ಆ ಹಳದಿ ಗೆರೆಗೆ ಬ್ಯಾಂಕಿನ ಮೊಹರಿನಷ್ಟು ಬೆಲೆಯಿತ್ತು.

ಮರುದಿನ ಅವಳು ಇಂಜಿನ್ನನ್ನು ಸ್ಟ್ಯಾಂಡಿಗೆ ಕೂರಿಸಿ ಮೇಲಿನ ಮುಚ್ಚಳಗಳಾದ ಎರಡೂ ಹೆಡ್ ಬಿಚ್ಚಿದಳು. ಪಿಸ್ಟನ್‌ಗಳು ಕಚ್ಚಿಕೊಂಡಿವೆಯೋ ಎಂದು ನೋಡಲು ಅವು ತಿರುಗಿಸುವ ದಂಡವಾದ ಕ್ರ್ಯಾಂಕಿನ ತುದಿಗೆ ಉದ್ದನೆಯ ಸರಳು ಸಿಕ್ಕಿಸಿ ಭಾರ ಬಿಟ್ಟಳು. ಮೊದಲು ಅಲುಗಲಿಲ್ಲ. ಆಮೇಲೆ ಒಮ್ಮೆಗೇ ಸಡಿಲಿ ನಿಧಾನ ತಿರುಗಿತು. ತಿರುಗಿದಂತೆಲ್ಲ ಬ್ಲಾಕಿನ ತೂತಿನಿಂದ ಗಾಳಿ ಒಳಗೆ ಹೋಗಿ ಹೊರಗೆ ಬಂತು. ನೆಗಡಿಯಾದವನೊಬ್ಬ ಪಕ್ಕದ ಕೋಣೆಯಲ್ಲಿ ಮಲಗಿ ಉಸಿರಾಡಿದ ಹಾಗೆ. ಹಾಗಾಗುವುದು ಸಹಜ, ಎಷ್ಟೋ ಇಂಜಿನ್ನುಗಳಲ್ಲಿ ಕೇಳಿದ ಸದ್ದು.

“ಬಂದೆ ಇರೋ,” ಎಂದರು ಅಪ್ಪ ಕುರ್ಚಿಯಿಂದ, ಯಾರಿಗೋ ಉತ್ತರ ಕೊಡುವ ಹಾಗೆ.

ಅವಳು ಸರಳು ಬಿಟ್ಟಳು. ಉಸಿರು ನಿಂತಿತು.

“ಯಾರಿಗಪ್ಪಾ ಹೇಳಿದ್ದು?”

“ಇನ್ಯಾರಿಗೆ, ಗುಬ್ಬಿಗೆ. ನಿನ್ನೆಯಿಂದ ಒಂದೇ ರಾಗ. ಐದನೇದನ್ನೇ ಎರಡು ಸಲ ಬಿಗಿದ್ರಲ್ಲ ಮಾಮ, ಅಂತ ನಗ್ತಾನೆ.” ಅಪ್ಪನೂ ನಕ್ಕರು. “ನನಗೇ ಹೇಳಿಕೊಡೋಕೆ ಬರ್ತಾನೆ, ಕತ್ತೆ ಬಡವ.”

ಅವಳು ಸ್ಟೂಲಿನ ಮೇಲೆ ಕೂತಳು.

ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವಣ ರಾಡುಗಳಲ್ಲಿ ಐದು ಮತ್ತು ಆರನೆಯದು ಕ್ರ್ಯಾಂಕಿನ ಒಂದೇ ಕುತ್ತಿಗೆಯಲ್ಲಿ ಅಕ್ಕಪಕ್ಕ ಕೂತಿರುತ್ತವೆ, ಒಂದೇ ಬೆಂಚಿನ ಮೇಲೆ ಇಬ್ಬರು ಒತ್ತಿ ಕೂತ ಹಾಗೆ. ಈ ಇಂಜಿನ್ ಕಟ್ಟಿದ ದಿನ ಅಪ್ಪ ಅಡ್ಡ ಬಗ್ಗಿದ್ದರು, ಅವಳಿಗೆ ಕಾಣುತ್ತಿದ್ದುದು ಅವರ ಬೆನ್ನು ಮಾತ್ರ. ಐದನೆಯದಕ್ಕೆ ಸ್ಪ್ಯಾನರ್ ಉದ್ದಕ್ಕೆ ಎಳೆಸಿಕೊಂಡು, ಏದುಸಿರು ಬಿಟ್ಟು, ‘ಕಟ್’ ಎಂದಿತ್ತು. ಆರನೆಯದಕ್ಕೆ ‘ಕಟ್’ ಸಲೀಸಾಗಿ, ಒಡನೆಯೇ ಬಂದಿತ್ತು. ಆಗಲೇ ಬಿಗಿದಿರುವ ಬೋಲ್ಟಿಗೆ ಮತ್ತೆ ಸ್ಪ್ಯಾನರ್ ಹಾಕಿದರೆ ಬರುವ ಸದ್ದು ಅದು. ಇಪ್ಪತ್ತೆರಡು ವರ್ಷ ಆ ಸದ್ದಿನ ಜೊತೆಯೇ ಬಾಳಿದ ಕಿವಿಗೆ ಅದು ತಿಳಿಯದೆ ಇರಲಿಲ್ಲ.

ಆದರೆ ಆ ತಿಂಗಳು ಅಪ್ಪ ಎರಡು ಸಲ ಎಡವಿದ್ದರು. ಒಮ್ಮೆ ಎಣ್ಣೆ ತುಂಬದೆ ಇಂಜಿನ್ ಚಾಲೂ ಮಾಡಲು ಹೋಗಿದ್ದರು. ಇನ್ನೊಮ್ಮೆ ಮನೆಯ ದಾರಿ ತಪ್ಪಿದ್ದರು. ಎರಡು ಸಲವೂ ತಿದ್ದಿದವಳು ಅವಳೇ. ಎರಡು ಸಲವೂ ಅಪ್ಪನ ಮುಖ ಪೆಟ್ಟು ತಿಂದ ಮಗುವಿನ ಮುಖದಂತಾಗಿದ್ದನ್ನು ನೋಡಿದ್ದಳು. ಮೂರನೆಯ ಸಲ ನೋಡುವ ಧೈರ್ಯ ಅವಳಿಗಿರಲಿಲ್ಲ. “ಆರು ಆಯ್ತು,” ಎಂದರು ಅಪ್ಪ. “ಆರು ಆಯ್ತು,” ಎಂದು ಅವಳು ಗೆರೆ ಎಳೆದಳು. ಅಪ್ಪ ಮನೆಗೆ ಹೋದ ಮೇಲೆ ತಾನೇ ಒಮ್ಮೆ ನೋಡಿದರಾಯಿತು ಎಂದುಕೊಂಡಳು. ಆ ಸಂಜೆ ಅಪ್ಪ ಮನೆಗೆ ಹೋಗಲೇ ಇಲ್ಲ, ಅವಳು ಇಂಜಿನ್ನಿನ ತಳದ ಎಣ್ಣೆ ಚೇಂಬರ್ ಮುಚ್ಚುವವರೆಗೂ ಪಕ್ಕದಲ್ಲೇ ನಿಂತಿದ್ದರು.

ಅವಳು ಎದ್ದು ಇಂಜಿನ್ನನ್ನು ಮಗುಚಿ ಎಣ್ಣೆಯ ಚೇಂಬರ್ ಬಿಚ್ಚಿದಳು. ತಳದಲ್ಲಿ ಕೆಸರಿನಂಥ ಎಣ್ಣೆ, ಅದರಲ್ಲಿ ಪಿಸ್ಟನ್ನಿನ ಚೂರು, ರಾಡಿನ ಚೂರು. ಕೈ ಹಾಕಿ ತಡಕಿದಾಗ ಬೆರಳಿಗೆ ನಯವಾದದ್ದು ಸಿಕ್ಕಿತು. ಬಟ್ಟೆಯಲ್ಲಿ ಒರೆಸಿದಳು. ಒಂದು ಬೋಲ್ಟು. ಮುರಿದಿರಲಿಲ್ಲ, ಬಾಗಿರಲಿಲ್ಲ, ಹಲ್ಲುಗಳೆಲ್ಲ ಹೊಸದರ ಹಾಗಿದ್ದವು. ತಲೆಯ ಮೇಲೆ ಅವಳ ಕೈಯ ಹಳದಿ ಗೆರೆ.

*

ನೀರು ವರ್ಕ್‌ಶಾಪಿನ ಹಿಂಬಾಗಿಲಿಗೆ ಮೂವತ್ತು ಹೆಜ್ಜೆ. ಅವಳು ಬೋಲ್ಟನ್ನು ಮುಷ್ಟಿಯಲ್ಲಿಟ್ಟುಕೊಂಡು ಅಷ್ಟೂ ಹೆಜ್ಜೆ ನಡೆದು ದಡದ ಅಂಚಿಗೆ ಬಂದು ನಿಂತಳು. ಅಲ್ಲಿ ನೀರು ಆಳ, ಬಣ್ಣ ಕಪ್ಪು. ಹಾಕಿದ್ದು ಮೇಲೆ ಬರುವುದಿಲ್ಲ. ಅಪ್ಪನ ಹೆಸರು ಉಳಿಯುತ್ತದೆ, ಹಳದಿ ಗೆರೆಯ ಬೆಲೆ ಉಳಿಯುತ್ತದೆ. ತಮ್ಮನಿಗಂತೂ ಹೊಸದಾಗಿ ಕಳೆದುಕೊಳ್ಳುವುದೇನೂ ಇಲ್ಲ. ಹನ್ನೊಂದು ತಿಂಗಳಿಂದ ಅವಳು ಮನಸ್ಸಿನಲ್ಲಿ ಮಾಡುತ್ತಿದ್ದುದೂ ಇದೇ ಅಲ್ಲವೇ. ‘ಕಟ್’ ಅಂದರೆ ‘ಕಟ್’, ಅದರಲ್ಲಿ ಬೇಗ ಬಂದದ್ದು, ತಡವಾಗಿ ಬಂದದ್ದು ಏನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡೇ ಬಂದಿದ್ದಳು.

ದಡದ ಆ ತುದಿಯಲ್ಲಿ ತಮ್ಮ ಯಾರದೋ ಬೋಟಿನ ಹಳೇ ಬಣ್ಣ ಉಜ್ಜುತ್ತಿದ್ದ. ಈಗ ಅವನಿಗೆ ಸಿಗುತ್ತಿದ್ದುದು ಅದೊಂದೇ ಕೆಲಸ. ನೀರಿನಲ್ಲಿ ಒಂದು ದೋಣಿಯ ಮೋಟರು ಚಾಲೂ ಆಗಿ ಸದ್ದು ಏರಿತು. ಉಜ್ಜುತ್ತಿದ್ದ ಕೈ ನಿಂತು, ಎದ್ದು, ಗಾಳಿಯನ್ನು ಹಿಡಿದು ಹಿಂದಕ್ಕೆ ಎಳೆಯಿತು. ದೋಣಿಯವನು ಇನ್ನೂ ವೇಗ ಹೆಚ್ಚಿಸಿದ. ಕೈ ಮತ್ತೆ ಎಳೆಯಿತು. ಅಷ್ಟು ದೂರದಿಂದ ನೋಡಿದರೆ ಯಾರೋ ನೀರಿನಿಂದ ಯಾರನ್ನೋ ಮೇಲಕ್ಕೆ ಎಳೆಯುತ್ತಿರುವ ಹಾಗಿತ್ತು. ಆ ಕೈ ಒಂದು ಸಲವೂ ತಡ ಮಾಡಲಿಲ್ಲ.

ಅವಳು ವರ್ಕ್‌ಶಾಪಿಗೆ ವಾಪಸಾದಳು.

*

ಮರುದಿನ ಮಧ್ಯಾಹ್ನ ಬಿಳಿ ಬಟ್ಟೆ ಹಾಸಿ ಏಳು ಪಿಸ್ಟನ್‌ಗಳನ್ನು ಸಾಲಾಗಿ ಜೋಡಿಸಿದ್ದಳು. ಆರನೆಯದರ ಜಾಗದಲ್ಲಿ ಒಂದು ಬಟ್ಟಲು ತುಂಬ ಚೂರು. ಬೋಟಿನಮ್ಮ ಬೀಗದ ಕೈ ಝಣಗುಡಿಸುತ್ತ ಬಂದವಳು ಹೊಸ್ತಿಲ ಬಳಿ ತಮ್ಮನನ್ನು ಕಂಡು ನಿಂತಳು.

“ಇವನ್ಯಾಕೆ ಇಲ್ಲಿ?”

“ನಾನೇ ಕರೆದೆ. ಇಬ್ಬರಿಗೂ ಒಂದೇ ಸಲ ಹೇಳ್ತೀನಿ. ಎರಡು ಸಲ ಹೇಳೋ ಶಕ್ತಿ ನನಗಿಲ್ಲ.” ಬೋಲ್ಟನ್ನು ಬೋಟಿನಮ್ಮನ ಅಂಗೈಯಲ್ಲಿಟ್ಟಳು. “ಆರನೇ ರಾಡಿನ ಬೋಲ್ಟು. ಥ್ರಾಟಲ್ ತಡವಾಗಿ ಇಂಜಿನ್ ಹುಚ್ಚೆದ್ದಿದ್ರೆ ಇದು ಎಳೆದು ಸಣಕಲಾಗಿ ತುಂಡಾಗ್ತಿತ್ತು. ನೋಡಿ, ಏನೂ ಆಗಿಲ್ಲ. ತಾನಾಗಿ ಬಿಚ್ಕೊಂಡು ಬಂದಿದೆ. ಬಿಗಿದೇ ಇರಲಿಲ್ಲ.”

ಬೋಟಿನಮ್ಮ ಅದನ್ನು ಬೆಳಕಿಗೆ ಹಿಡಿದಳು. “ಹಳದಿ ಗೆರೆ ಇದೆ.”

“ಅದು ನಂದು.”

“ನಿಮ್ಮಪ್ಪ ಮರೆತ್ರು ಅನ್ನು.”

“ಅಪ್ಪ ಮರೆತ್ರು. ಮರೆತದ್ದು ನನಗೆ ಗೊತ್ತಾಯ್ತು. ನಾನು ಕೇಳಲಿಲ್ಲ.”

ಮುಂದಿನ ಮಾತು ಬಂದದ್ದು ಹೊಸ್ತಿಲಿಂದ. ತಮ್ಮನ ದನಿ ಅವನದೇ ಅನ್ನಿಸಲಿಲ್ಲ.

“ಯಾವಾಗ ಗೊತ್ತಾಯ್ತು?”

“ಬಿಗಿಯುವಾಗಲೇ.”

“ಆಮೇಲೆ? ಇಷ್ಟು ದಿನ?”

“ಎಲ್ರೂ ನಿನ್ನ ಕೈ ಅಂದ್ರು. ನೀನೂ ಅಂದೆ. ನಾನು ಸುಮ್ಮನಿದ್ದೆ.”

“ಅನ್ನ ಬಡಿಸ್ತಾ ನನ್ನ ಕೈ ನೋಡ್ತಿದ್ಯಲ್ಲ ಅಕ್ಕಾ. ದಿನಾ.”

ಆಗ ಕುರ್ಚಿಯಿಂದ ಅಪ್ಪ ಗೆಲುವಾಗಿ ಕೂಗಿದರು, “ಅರೆ, ಬಾರಮ್ಮಾ! ನಿನ್ನ ಮಗ ಈಗ ತಾನೇ ಹೋದ. ದಾರೀಲಿ ಸಿಗಲಿಲ್ವಾ?”

“ಅಪ್ಪಾ, ಸುಮ್ಮನಿರಿ,” ಎಂದು ಅವಳು ಧಾವಿಸಿದಳು. ಬೋಟಿನಮ್ಮ ಅಂಗೈ ಅಡ್ಡ ಹಿಡಿದು ಅವಳನ್ನು ತಡೆದಳು. ತಾನೇ ಹೋಗಿ ಅಪ್ಪನ ಎದುರು ನಿಂತಳು.

“ಇಲ್ಲ, ಸಿಗಲಿಲ್ಲ. ಏನಂದ?”

“ಏನನ್ನೋದು, ಅವನ ಬಾಯಿಗೆ ಬಿಡುವೆಲ್ಲಿ? ಇಂಜಿನ್ನಿನ ಮಾತೇ ಎಲ್ಲಾ.”

“ಉಂಡಿದ್ನಂತಾ?”

“ಕೇಳಲಿಲ್ಲ. ಮೈಯೆಲ್ಲಾ ಒದ್ದೆ ಮಾಡ್ಕೊಂಡು ಬಂದಿದ್ದ. ತಲೆ ಒರೆಸ್ಕೊಳ್ಳೋ ಅಂದೆ. ಕೇಳೋನಾ?”

“ಮಾತು ಕೇಳೋನೇ ಅಲ್ಲ,” ಎಂದಳು ಬೋಟಿನಮ್ಮ. ಸ್ಟೂಲು ಎಳೆದುಕೊಂಡು ಕೂತಳು. “ಇನ್ನೇನಂದ? ನನ್ನ ವಿಚಾರ ಏನಾದ್ರೂ?”

ಅವರಿಬ್ಬರೂ ಅರ್ಧ ಗಂಟೆ ಮಾತಾಡಿದರು. ಅವಳು ಬಿಳಿ ಬಟ್ಟೆಯ ಪಕ್ಕದಲ್ಲಿ ನಿಂತೇ ಇದ್ದಳು. ಎದ್ದು ಹೊರಟಾಗ ಬೋಟಿನಮ್ಮ ಅವಳ ಕಡೆ ತಿರುಗಲಿಲ್ಲ. ಹೊಸ್ತಿಲ ಬಳಿ ತಮ್ಮನ ಮುಂದೆ ನಿಂತು, ಅವನ ಬಲಗೈಯನ್ನು ಹಿಡಿದೆತ್ತಿ, ಪರೀಕ್ಷೆ ಮಾಡುವವಳ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಒಳಗೆ ಹೋಗು,” ಎಂದಳು. “ನಿಮ್ಮಕ್ಕನಿಗೆ ಬರೋದು ಬಣ್ಣ ಹಚ್ಚೋದು ಒಂದೇ. ಬಿಗಿಯೋಕೆ ಒಬ್ಬರು ಬೇಕಲ್ಲ.”

*

ಹೊಸ ಬ್ಲಾಕ್ ಬರಲು ಒಂದು ತಿಂಗಳು ಹಿಡಿಯಿತು. ಕ್ರ್ಯಾಂಕನ್ನು ಸಾಣೆ ಹಿಡಿಸಿದ್ದಾಯಿತು, ರಾಡುಗಳನ್ನು ತೂಕ ಮಾಡಿ ಎಂಟನ್ನೂ ಸಮ ಮಾಡಿದ್ದಾಯಿತು. ತಮ್ಮ ಬಿಗಿದ, ಅವಳು ಗೆರೆ ಎಳೆದಳು. ಪ್ರತಿಸಲವೂ “ಸರಿ, ನೋಡೋಣ” ಎಂದು ಅವನನ್ನು ಪಕ್ಕಕ್ಕೆ ಸರಿಸಿ, ತಾನೇ ಕಣ್ಣಿಟ್ಟು ಬೆರಳಿಟ್ಟು ನೋಡಿಯೇ ಕುಂಚ ಅದ್ದುತ್ತಿದ್ದಳು. ಅವನು ಸರಿಯುತ್ತಿದ್ದ. “ನಾಲ್ಕು ಆಯ್ತು.” “ನಾಲ್ಕು ಆಯ್ತು.” ಆ ದಿನಗಳಲ್ಲಿ ಅವನು ಅವಳೊಡನೆ ಆಡಿದ್ದು ಅಂಕಿಗಳನ್ನು ಮಾತ್ರ. ಐದು ಮುಗಿದು ಆರಕ್ಕೆ ಸ್ಪ್ಯಾನರ್ ಇಟ್ಟಾಗ ಇಬ್ಬರೂ ಅಪ್ಪನ ಕುರ್ಚಿಯ ಕಡೆ ನೋಡಿದರು. ಅಪ್ಪ ಯಾರದೋ ಮಾತಿಗೆ ತಲೆದೂಗುತ್ತಿದ್ದರು.

ಬೋಟಿನಮ್ಮ ಈಗ ದಿನವೂ ಬರುತ್ತಿದ್ದಳು. ತಮ್ಮನನ್ನು “ಏನೋ, ಎಲ್ಲಿಗೆ ಬಂತು?” ಎಂದು ಕೇಳುವಳು. ಅಪ್ಪನ ಜೊತೆ ಕೂತು ಹೋಗುವಳು. ಈಗ ಅಕ್ಕ ದಾರಿಯಲ್ಲಿ ಅಡ್ಡ ಸಿಕ್ಕರೆ ಕಂಬವನ್ನು ಬಳಸಿ ಹೋಗುವ ಹಾಗೆ ಬಳಸಿ ಹೋಗುವಳು. ದಡದವರೂ ಸುದ್ದಿ ತಿಳಿದು ಒಬ್ಬೊಬ್ಬರಾಗಿ ತಂತಮ್ಮ ಇಂಜಿನ್ನುಗಳನ್ನು ತಂದು, ಅಪ್ಪನ ಮುಖ ನೋಡಿ, “ಹಾಗೇ ಒಂದ್ಸಲ ಒಳಗಿನ ಬೋಲ್ಟು ನೋಡಿಬಿಡಮ್ಮ” ಎಂದು ಬಿಟ್ಟು ಹೋದರು. ಅವಳು ಎಲ್ಲವನ್ನೂ ಬಿಚ್ಚಿ ನೋಡಿದಳು. ಕೆಲವರು ತರಲೇ ಇಲ್ಲ, ಬೇರೆ ಕಡೆ ಹೋದರು.

ಬೋಟನ್ನು ನೀರಿಗೆ ಇಳಿಸಿದ್ದು ಒಂದು ಬೆಳಗ್ಗೆ. ಹಗ್ಗಗಳಿಂದ ದಡಕ್ಕೆ ಬಿಗಿದು ಕಟ್ಟಿ, ನಿಂತಲ್ಲೇ ಇಂಜಿನ್ ಓಡಿಸಿ ನೋಡುವುದು. ಬೋಟಿನಮ್ಮ ಪೆಟ್ರೋಲನ್ನು ತಾನೇ ತುಂಬಿದಳು. ತಮ್ಮ ತನ್ನ ಜಾಗದಲ್ಲಿ ಕೂತು ಲಿವರಿನ ಮೇಲೆ ಕೈಯಿಟ್ಟ. ಚುಕ್ಕಾಣಿಯ ಸೀಟು ಪಕ್ಕದಲ್ಲಿ ಖಾಲಿಯಿತ್ತು. ಅವಳು ಇಂಜಿನ್ನಿನ ಮೇಲೆ ಬಗ್ಗಿ ನಿಂತು ತಲೆಯಾಡಿಸಿದಳು.

ಮೊದಲು ಕೆಮ್ಮಿತು. ಮತ್ತೊಮ್ಮೆ ಕೆಮ್ಮಿ ಹಿಡಿದುಕೊಂಡಿತು. ಬೋಟಿನ ಹಿಂದೆ ನೀರು ಬೆಳ್ಳಗೆ ಕುದಿಯಿತು. ತಮ್ಮ ನಿಧಾನ ಲಿವರನ್ನು ಮುಂದಕ್ಕೆ ತಳ್ಳಿದ, ಹಗ್ಗಗಳು ಸೆಟೆದುಕೊಂಡವು. ಅವಳು ಕಣ್ಣು ಮುಚ್ಚಿ ಒಂದೊಂದನ್ನೇ ಬೇರ್ಪಡಿಸಿ ಕೇಳಿದಳು. ಎಂಟೂ ಇದ್ದವು. ಆರನೆಯದು ಉಳಿದವುಗಳಿಗಿಂತ ಕೊಂಚ ಮೆಲ್ಲಗೆ ಮಾತಾಡುತ್ತಿದೆ ಅನ್ನಿಸಿತು. ಮತ್ತೆ ಕೇಳಿದರೆ ಹಾಗೇನೂ ಇರಲಿಲ್ಲ.

ಕಣ್ಣು ಬಿಟ್ಟು ದಡದ ಕಡೆ ನೋಡಿದಳು. ಕಲ್ಲುಕಟ್ಟೆಯ ಮೇಲೆ ಅಪ್ಪನೂ ಬೋಟಿನಮ್ಮನೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಅಪ್ಪ ಬಲಕ್ಕೆ ತಲೆಯೆತ್ತಿ, ಹಿಂದಿನಿಂದ ಬಂದವರನ್ನು ನೋಡುವ ಹಾಗೆ ನೋಡಿ, ಏನೋ ಅಂದರು. ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಆಮೇಲೆ ಒಂದು ಗೇಣು ಆಚೆ ಸರಿದರು. ಬೋಟಿನಮ್ಮ ಏನೂ ಕೇಳದೆ ತಾನೂ ಈಚೆಗೆ ಒಂದು ಗೇಣು ಸರಿದು, ನಡುವೆ ಬಿಟ್ಟ ಜಾಗದ ಧೂಳನ್ನು ಅಂಗೈಯಿಂದ ಒರೆಸಿದಳು.